ಎರಡು ಹಳೆಯ ಮಷೀನು, ಒಂದು ಇನ್ಫಿನಿಬ್ಯಾಂಡ್ ಕೇಬಲ್: ಮೂರನೇ ವಾರ

ಶನಿವಾರ ಬೆಳಿಗ್ಗೆ

ಎರಡು ಮಷೀನುಗಳನ್ನು ಇನ್ಫಿನಿಬ್ಯಾಂಡ್ ಅನ್ನುವ ವೇಗದ ನೆಟ್‌ವರ್ಕ್‌ನಿಂದ ಜೋಡಿಸಿ, ಒಂದೇ ಲೆಕ್ಕವನ್ನು ಹಂಚಿ ಮಾಡಿಸುವ ಪ್ರಯತ್ನ ಇದು. ಅದರ ಕಾರ್ಡುಗಳು ಬಂದವು. ಮೆಲನಾಕ್ಸ್ ಕನೆಕ್ಟ್‌ಎಕ್ಸ್-3, ಎರಡೂ ಸೆಕೆಂಡ್ ಹ್ಯಾಂಡ್, 56 ಗಿಗಾಬಿಟ್‌ನ ಎಫ್‌ಡಿಆರ್ ಮಾದರಿ. ಮಷೀನುಗಳು ಹೋದ ತಿಂಗಳು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಂಡ ನಾಲ್ಕು ಕೋರಿನ ವರ್ಕ್‌ಸ್ಟೇಷನ್‌ಗಳು. ಸ್ವಿಚ್ ಇಲ್ಲ. ನಡುವೆ ಒಂದೇ ತಾಮ್ರದ ಕೇಬಲ್.

ಇದೆಲ್ಲ ಯಾಕೆ ಬೇಕಾಯಿತು ಅಂದರೆ, ಹೋದ ವಾರದ ಲೆಕ್ಕ ನೋಡಿ. ನನ್ನ ಪ್ರೋಗ್ರಾಂ ಒಂದು ತಗಡಿನಲ್ಲಿ ಬಿಸಿ ಹೇಗೆ ಹರಡುತ್ತದೆ ಅಂತ ಲೆಕ್ಕ ಹಾಕುತ್ತದೆ. ತಗಡನ್ನು 512 × 512 ಚೌಕಗಳಾಗಿ ಮಾಡಿ, ಅರ್ಧ ಒಂದು ಮಷೀನಿಗೆ, ಅರ್ಧ ಇನ್ನೊಂದಕ್ಕೆ ಕೊಟ್ಟಿದ್ದೇನೆ. ಪ್ರತಿ ಹೆಜ್ಜೆಗೂ ಎರಡೂ ಕಡೆಯವರು ತಮ್ಮ ಅಂಚಿನ ಸಾಲನ್ನು ಅದಲುಬದಲು ಮಾಡಿಕೊಳ್ಳಬೇಕು. ಒಂದು ಸಾಲು ಬರೀ 4096 ಬೈಟ್. ಒಂದೇ ಮಷೀನಿನಲ್ಲಿ ಲಕ್ಷ ಹೆಜ್ಜೆಗೆ 10 ಸೆಕೆಂಡು ಆಗುತ್ತಿತ್ತು. ಎರಡನ್ನೂ ಗಿಗಾಬಿಟ್ ಈಥರ್ನೆಟ್‌ನಿಂದ ಜೋಡಿಸಿದ ಮೇಲೆ 14 ಸೆಕೆಂಡು. ಕೈ ಎರಡಾದರೂ ಕೆಲಸ ನಿಧಾನವಾಯಿತು.

ಕಾರಣ ಲೇಟೆನ್ಸಿ, ಅಂದರೆ ಒಂದು ಸಂದೇಶ ಆಚೆ ತಲುಪಲು ಹಿಡಿಯುವ ಹೊತ್ತು. 8 ಬೈಟಿನ ಪುಟ್ಟ ಸಂದೇಶಕ್ಕೂ ಈಥರ್ನೆಟ್‌ನಲ್ಲಿ 30 ಮೈಕ್ರೋಸೆಕೆಂಡ್ ಹಿಡಿಯುತ್ತಿತ್ತು. 3 ಗಿಗಾಹರ್ಟ್ಸ್ ಕೋರಿಗೆ ಅಷ್ಟು ಹೊತ್ತು ಅಂದರೆ 90,000 ಸೈಕಲ್! ಆ ಸಮಯ ಕೇಬಲ್ಲಿನಲ್ಲಿ ಹೋಗುವುದಿಲ್ಲ. ಸಿಸ್ಟಂ ಕಾಲ್, ಟಿಸಿಪಿ, ಕಾಪಿ, ಇಂಟರಪ್ಟ್ ಅಂತ ಬಹುಪಾಲು ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ ಒಳಗೇ ಕಳೆದುಹೋಗುತ್ತದೆ. ಇನ್ಫಿನಿಬ್ಯಾಂಡ್ ಈ ದಾರಿಯನ್ನೇ ಬಿಡುತ್ತದೆ. ಪ್ರೋಗ್ರಾಂ ನೇರವಾಗಿ ಕಾರ್ಡಿಗೆ ಹೇಳುತ್ತದೆ, ಕಾರ್ಡು ಆಚೆಯ ಮಷೀನಿನ ಮೆಮೊರಿಗೆ ನೇರವಾಗಿ ಬರೆಯುತ್ತದೆ. ಆರ್‌ಡಿಎಂಎ ಅನ್ನುವುದು ಇದನ್ನೇ.

ಶನಿವಾರ ರಾತ್ರಿ

ಕೇಬಲ್ ಹಾಕಿದೆ, ದೀಪ ಹತ್ತಿತು. ಆದರೆ ಪೋರ್ಟ್ 'ಇನಿಶಿಯಲೈಜಿಂಗ್' ಅಂತಲೇ ಎರಡು ಗಂಟೆ ನಿಂತಿತ್ತು. ಈಥರ್ನೆಟ್ ಥರ ಕೇಬಲ್ ಚುಚ್ಚಿದರೆ ಸಾಕು ಅಂದುಕೊಂಡಿದ್ದೆ. ಇಲ್ಲಿ ಪೋರ್ಟುಗಳಿಗೆ ವಿಳಾಸ ಹಂಚಲು ಸಬ್‌ನೆಟ್ ಮ್ಯಾನೇಜರ್ ಅಂತ ಒಬ್ಬರು ಇರಲೇಬೇಕು. ಒಂದು ಮಷೀನಿನಲ್ಲಿ ಆ ಕೆಲಸ ಮಾಡುವ ಪ್ರೋಗ್ರಾಂ ಓಪನ್‌ಎಸ್‌ಎಂ ಶುರು ಮಾಡಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ 'ಆಕ್ಟಿವ್' ಆಯಿತು.

ಭಾನುವಾರ

ಮಷೀನುಗಳ ನಡುವೆ ಸಂದೇಶ ಸಾಗಿಸುವ ಓಪನ್ ಎಂಪಿಐ ಲೈಬ್ರರಿಯ ಮೂಲಕ ಪ್ರೋಗ್ರಾಂ ಓಡಿಸಿದರೆ, ಮೆಮೊರಿ ರಿಜಿಸ್ಟರ್ ಮಾಡಲು ಆಗಲಿಲ್ಲ ಅಂತ ದೂರು. ಇದು ನ್ಯಾಯವಾದದ್ದೇ. ಕಾರ್ಡು ಸಿಪಿಯುವನ್ನು ಕೇಳದೆ ಮೆಮೊರಿಗೆ ಬರೆಯುವಾಗ, ಆ ಪುಟವನ್ನು (ಮೆಮೊರಿಯ ತುಂಡನ್ನು) ಕರ್ನಲ್ ನಡುವೆ ಎತ್ತಿ ಬೇರೆಡೆಗೆ ಹಾಕಬಾರದು ಅಲ್ವಾ? ಅದಕ್ಕೆ ಪುಟಗಳನ್ನು ಕಟ್ಟಿಹಾಕಬೇಕು. ಹಾಗೆ ಕಟ್ಟಿಹಾಕಲು ಸಾಮಾನ್ಯ ಬಳಕೆದಾರರಿಗೆ ನನ್ನ ಮಷೀನಿನಲ್ಲಿ ಇದ್ದ ಮಿತಿ 64 ಕಿಲೋಬೈಟ್. ಮೆಮ್‌ಲಾಕ್ ಅನ್ನುವ ಆ ಮಿತಿ ತೆಗೆದೆ, ಮತ್ತೆ ಲಾಗಿನ್ ಆದೆ, ಓಡಿತು.

ಓಹಾಯೋ ಸ್ಟೇಟ್ ಯೂನಿವರ್ಸಿಟಿಯವರ ಮೈಕ್ರೋ ಬೆಂಚ್‌ಮಾರ್ಕ್‌ನಲ್ಲಿ 8 ಬೈಟಿಗೆ 1.4 ಮೈಕ್ರೋಸೆಕೆಂಡ್ ಬಂತು. ಬೆಳಕೇ ಅಷ್ಟು ಹೊತ್ತಿನಲ್ಲಿ 420 ಮೀಟರ್ ಹೋಗುತ್ತದೆ, ಅಷ್ಟೇ. ನನಗೆ ಆ ಸಂಖ್ಯೆಯನ್ನು ನೋಡುತ್ತಾ ಕೂರುವುದೇ ಖುಷಿಯಾಯಿತು.

ಬ್ಯಾಂಡ್‌ವಿಡ್ತ್ ಮಾತ್ರ ಸೆಕೆಂಡಿಗೆ 1.5 ಗಿಗಾಬೈಟ್‌ನಲ್ಲೇ ನಿಂತಿತು. 6 ಬರಬೇಕಿತ್ತು. ಕೇಬಲ್ ಮೇಲೆ ಅನುಮಾನ ಪಟ್ಟು ಅರ್ಧ ದಿನ ಕಳೆದೆ. ಕೊನೆಗೆ, ಕಾರ್ಡುಗಳ ವಿವರ ತೋರಿಸುವ ಕಮಾಂಡ್ ಎಲ್‌ಎಸ್‌ಪಿಸಿಐ ಕೊಟ್ಟ ಸಾಲುಗಳನ್ನು ನಿಧಾನವಾಗಿ ಓದಿದರೆ, ಒಂದು ಕಾರ್ಡು 5 ಗಿಗಾಟ್ರಾನ್ಸ್‌ಫರ್ ವೇಗದಲ್ಲಿ, ಡೇಟಾ ಹರಿಯುವ ನಾಲ್ಕೇ ಲೇನ್‌ನಲ್ಲಿ ಕೂತಿತ್ತು. ಸ್ಲಾಟ್ ನೋಡಲು ಉದ್ದ, ಒಳಗೆ ತಂತಿ ನಾಲ್ಕಕ್ಕೆ ಮಾತ್ರ. ಗ್ರಾಫಿಕ್ಸ್ ಕಾರ್ಡ್ ತೆಗೆದು ಅದರ ಜಾಗಕ್ಕೆ ಇದನ್ನು ಹಾಕಿದೆ. 6 ಬಂತು.

ಇನ್ನೊಂದು ವಿಷಯ ಕಂಡಿತು. ಸಂದೇಶ ದೊಡ್ಡದಾಗುತ್ತಾ ಹೋದಂತೆ ಒಂದು ಅಳತೆಯಲ್ಲಿ ಲೇಟೆನ್ಸಿ ಥಟ್ಟನೆ ಮೆಟ್ಟಿಲು ಹತ್ತುತ್ತದೆ. ಚಿಕ್ಕ ಸಂದೇಶವನ್ನು ಎಂಪಿಐ ಕೇಳದೆ ಕಳಿಸಿಬಿಡುತ್ತದೆ, ಬಾಗಿಲ ಸಂದಿಯಲ್ಲಿ ಚೀಟಿ ತೂರಿಸಿದ ಹಾಗೆ. ಆಚೆಯವರು ಅದನ್ನು ಆಮೇಲೆ ಕಾಪಿ ಮಾಡಿಕೊಳ್ಳುತ್ತಾರೆ. ದೊಡ್ಡದಾದರೆ ಒಂದು ಲಾರಿ ತೆಂಗಿನಕಾಯಿ ಕಳಿಸುವ ಮುಂಚೆ ಫೋನ್ ಮಾಡಿ 'ಜಾಗ ಇದೆಯಾ' ಅಂತ ಕೇಳಿದ ಹಾಗೆ: ಮೊದಲು ಮಾತುಕತೆ, ಆಮೇಲೆ ಕಾಪಿ ಇಲ್ಲದೆ ನೇರ ಬರವಣಿಗೆ. ಮೊದಲನೆಯದಕ್ಕೆ ಈಗರ್, ಎರಡನೆಯದಕ್ಕೆ ರಾಂಡೆವೂ ಅನ್ನುತ್ತಾರೆ. ಆ ಗಡಿಯನ್ನು, ಎಂಪಿಐ ಕೆಳಗೆ ಸಂದೇಶ ಸಾಗಿಸುವ ಲೈಬ್ರರಿ ಯುಸಿಎಕ್ಸ್‌ನಲ್ಲಿ ನಾವೇ ಬದಲಾಯಿಸಬಹುದು. ನನ್ನ 4096 ಬೈಟ್ ಗಡಿಯ ಈಚೆಗೇ ಇದೆ, ಸುಮ್ನೆ ಬಿಟ್ಟೆ.

ಭಾನುವಾರ ರಾತ್ರಿ 11

ಬಿಸಿಯ ಪ್ರೋಗ್ರಾಂ, ಲಕ್ಷ ಹೆಜ್ಜೆ, ಎರಡು ಮಷೀನು: 5.9 ಸೆಕೆಂಡು. ಕೋಡಿನಲ್ಲಿ ಒಂದು ಅಕ್ಷರವನ್ನೂ ಬದಲಾಯಿಸಿಲ್ಲ. 14 ಇದ್ದದ್ದು 5.9 ಆಗಿದ್ದು ದಾರಿ ಬದಲಾಗಿದ್ದರಿಂದ ಮಾತ್ರ.

ಮುಂದಿನ ವಾರ, ಕಾಯದೆ ಮುಂದುವರಿಯುವ ಎಂಪಿಐ ಕರೆಗಳಾದ ಐಸೆಂಡ್, ಐರಿಸೀವ್ ಹಾಕುತ್ತೇನೆ. ಅಂಚು ಬರುವಷ್ಟರಲ್ಲಿ ನಡುವಿನ ಚೌಕಗಳ ಲೆಕ್ಕ ಮುಗಿಸಬಹುದು. ಮೂರನೇ ಮಷೀನಿನ ಮೇಲೂ ಕಣ್ಣಿದೆ. ಕಾರ್ಡುಗಳಲ್ಲಿ ಎರಡೆರಡು ಪೋರ್ಟ್ ಇರುವುದರಿಂದ, ಸ್ವಿಚ್ ಕೊಳ್ಳದೆ ಮೂರನ್ನೂ ತ್ರಿಕೋನದ ಹಾಗೆ ಜೋಡಿಸಬಹುದು. ಪ್ರತಿ ಕೇಬಲ್ಲಿಗೂ ಬೇರೆ ಬೇರೆ ಓಪನ್‌ಎಸ್‌ಎಂ ಓಡಿಸಬೇಕಾಗುತ್ತದೆ.