ಕೊನೆಗೂ ನೀಲಿ ಕಾಣಿಸಿತು: ಬ್ಲಾಂಕೆಟ್ ಪೆಟ್ಟಿಗೆ ಎಲ್ಲಿಗೆ ಬಂತು

ಗೆದ್ದೆ! ಕಂಬಳಿ ಇಡುವ ನನ್ನ ಹಳೆಯ ಮರದ ಪೆಟ್ಟಿಗೆಯ ಮುಂಭಾಗದ ಹಲಗೆಯ ಬಿಳಿ ಪೇಂಟ್ ಪೂರ್ತಿ ಎದ್ದು ಬಂತು, ಅಡಿಯ ನೀಲಿ ಹಾಗೇ ಉಳಿದಿದೆ. ಬೇಸಿಗೆಯಿಡೀ ನನ್ನನ್ನು ಸತಾಯಿಸಿದ ಪೇಂಟ್ ಇದು. ಅದನ್ನು ಸೋಲಿಸಿದ್ದು ಯಾವ ದುಬಾರಿ ರಾಸಾಯನಿಕವೂ ಅಲ್ಲ, ಅಮೆರಿಕದ ಪೆನ್ಸಿಲ್ವೇನಿಯಾದ ಜನವರಿ ಚಳಿ.

ಹಿಂದಿನದು ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಲ್ಯಾಂಕಾಸ್ಟರ್ ಕೌಂಟಿಯ ಒಂದು ತೋಟದ ಮನೆಯ ಎಸ್ಟೇಟ್ ಹರಾಜಿನಲ್ಲಿ ಸಿಕ್ಕ ಪೆಟ್ಟಿಗೆ. ಹಿರಿಯರು ತೀರಿಕೊಂಡ ಮೇಲೆ ಮಕ್ಕಳು ಅಟ್ಟದಿಂದ ಕೊಟ್ಟಿಗೆಯವರೆಗೆ ಇದ್ದಬದ್ದದ್ದೆಲ್ಲ ಅಂಗಳಕ್ಕೆ ತಂದು ಸಾಲಾಗಿ ಇಡಿಸಿದ್ದರು. ಬೆಣ್ಣೆ ಕಡೆಯುವ ಮರದ ಪೀಪಾಯಿ, ರೆಡ್‌ವೇರ್ ಮಣ್ಣಿನ ಪಾತ್ರೆ, ಕೋಬಾಲ್ಟ್ ನೀಲಿಯಲ್ಲಿ ಹೂ ಬರೆದ ಬೂದು ಸ್ಟೋನ್‌ವೇರ್ ಜಾಡಿ, ಕ್ವಿಲ್ಟುಗಳು. ಜಾಡಿಗಳ ಮೇಲೆ ವ್ಯಾಪಾರಿಗಳು ಮುಗಿಬಿದ್ದರು, ನಮ್ಮಂಥವರು ಸುಮ್ನೆ ನಿಂತು ನೋಡಿದ್ದಷ್ಟೇ. ಮೈತುಂಬ ಬಿಳಿ ಬಳಿದುಕೊಂಡು ಮೂಲೆಯಲ್ಲಿದ್ದ ಈ ಪೆಟ್ಟಿಗೆ ಮಾತ್ರ ಯಾರಿಗೂ ಬೇಕಿರಲಿಲ್ಲ. ಕಡಿಮೆಗೇ ಸಿಕ್ಕಿತು ಅನ್ನಿ. ಆಮೇಲೆ ಬಿಲ್ಲಿನಲ್ಲಿ ಬೈಯರ್ಸ್ ಪ್ರೀಮಿಯಂ, ಅಂದರೆ ಹರಾಜಿನವರು ಕೊಳ್ಳುವವನಿಂದ ಪಡೆಯುವ ಶುಲ್ಕ, ಅದರ ಮೇಲೆ ತೆರಿಗೆ ಸೇರಿತು. ಕೂಗಿದ ಬೆಲೆ ಒಂದು, ಕೊಟ್ಟ ಬೆಲೆ ಇನ್ನೊಂದು, ಇದು ನಿಮಗೂ ಗೊತ್ತಿರುವ ಸಂಕಟವೇ.

ನಾನು ಕೈ ಎತ್ತಿದ್ದು ಸುಮ್ನೆ ಅಲ್ಲ. ಹಿಂದಿನ ದಿನ ಸಾಮಾನು ನೋಡಲು ಬಿಟ್ಟಾಗಲೇ ಮುಚ್ಚಳ ಎತ್ತಿ ನೋಡಿದ್ದೆ. ಒಳಗೆ ಎಡಗಡೆ ಸಣ್ಣಪುಟ್ಟ ಸಾಮಾನು ಇಡುವ ಪುಟ್ಟ ಖಾನೆ (ಟಿಲ್), ಮೂಲೆಗಳಲ್ಲಿ ಹಲ್ಲುಹಲ್ಲಾಗಿ ಕೂಡಿಸಲು ಕೈಯಲ್ಲಿ ಕತ್ತರಿಸಿದ ಡವ್‌ಟೇಲ್. ತಳದ ಹಲಗೆಯ ಕೆಳಗೆ ಬೆರಳಾಡಿಸಿದರೆ ಹತ್ತರಿ ಹೊಡೆದ ಉಬ್ಬುತಗ್ಗು ಸಿಗುತ್ತದೆ. ಹಿಂದಿನ ಹಲಗೆಯ ಗರಗಸದ ಗೆರೆಗಳು ನೇರ, ಎಲ್ಲೂ ಬಾಗಿಲ್ಲ, ಅಂದರೆ ಆಮೇಲೆ ಬಳಕೆಗೆ ಬಂದ ಗುಂಡು ಗರಗಸ ಮುಟ್ಟಿದ ಮರವಲ್ಲ. ತಳಕ್ಕೆ ಹೊಡೆದವೆಲ್ಲ ಕಟ್ ನೇಲ್, ಅಂದರೆ ಕಬ್ಬಿಣದ ಹಾಳೆಯಿಂದ ಕತ್ತರಿಸಿ ಮಾಡಿದ ಹಳೆಯ ಬಗೆಯ ಮೊಳೆ. ಸುಮಾರು 1830ರ ಆಚೀಚೆ ಅಂತ ನನ್ನ ಅಂದಾಜು. ಬೀಗದ ಕಿಂಡಿಯ ಅಂಚಿನಲ್ಲಿ ಬಿಳಿ ಚಕ್ಕೆ ಎದ್ದಿತ್ತು, ಅದರಡಿ ಸಾಸಿವೆ ಕಾಳಿನಷ್ಟು ಜಾಗದಲ್ಲಿ ಹಸಿರು ಬೆರೆತ ನೀಲಿ ಇಣುಕುತ್ತಿತ್ತು. ಆ ಚುಕ್ಕೆಗೇ ನಾನು ದುಡ್ಡು ಕೊಟ್ಟಿದ್ದು.

ಮೂಲ ಬಣ್ಣ ಉಳಿದ ಪೆಟ್ಟಿಗೆಗೇ ಬೆಲೆ ಜಾಸ್ತಿ, ಕೆರೆದು ಬೋಳಿಸಿದ್ದಕ್ಕೂ ಅದಕ್ಕೂ ಎಷ್ಟು ಅಂತರ ಅಂತ ಇಲ್ಲಿ ಮತ್ತೆ ಕೊರೆಯುವುದಿಲ್ಲ. ಒಂದು ಕಾಲದಲ್ಲಿ ಎಲ್ಲರಿಗೂ ಜೇನುಬಣ್ಣದ ಪೈನ್ ಮರವೇ ಬೇಕಾಗಿತ್ತು. ಎಷ್ಟೋ ಒಳ್ಳೆಯ ಪೆಟ್ಟಿಗೆಗಳನ್ನು ಬಣ್ಣ ಕಿತ್ತುಹಾಕುವ ಕಾಸ್ಟಿಕ್ ಸೋಡಾ ತೊಟ್ಟಿಗೆ ಮುಳುಗಿಸಿ ಎತ್ತಿದರು. ನಮ್ಮದು ಬಿಳಿ ಬಳಿಸಿಕೊಂಡಿದ್ದರಿಂದಲೇ ಬಚಾವಾಗಿರಬೇಕು.

ಸರಿ, ಈಗ ಪೀಡೆಯ ವಿಷಯ. ಬೀಗದ ಅಂಚಿನಿಂದ ಒಂದು ಚಕ್ಕೆ ತೆಗೆದು ಭೂತಗನ್ನಡಿಯಲ್ಲಿ ಅಡ್ಡಲಾಗಿ ನೋಡಿದರೆ ಮೂರು ಪದರ. ತಳದಲ್ಲಿ ನೀಲಿ, ನಡುವೆ ಕಂದು, ಮೇಲೆ ದಪ್ಪನೆಯ ಬಿಳಿ. ಕತ್ತಲಲ್ಲಿ ಯುವಿ ಟಾರ್ಚ್ ಬಿಟ್ಟಾಗ ನಡುವಿನದು ಕಿತ್ತಳೆ ಬಣ್ಣದಲ್ಲಿ ಹೊಳೆಯಿತು. ಶೆಲಾಕ್! ಅಂದರೆ ನಮ್ಮ ಅರಗು. ಚನ್ನಪಟ್ಟಣದ ಬೊಂಬೆಗೆ ಮೆರುಗು ಕೊಡುವ ಅದೇ ಅರಗು ಭಾರತದ ಕಾಡಿನಿಂದ ಹಡಗು ಹತ್ತಿ ಇಲ್ಲಿನ ರೈತರ ಪೆಟ್ಟಿಗೆಯವರೆಗೆ ಬಂದಿದೆ. ಮೇಲಿನ ಬಿಳಿಗೆ ಆಲ್ಕೋಹಾಲ್ ಅದ್ದಿದ ಹತ್ತಿ ತಿಕ್ಕಿದರೆ ಬಣ್ಣ ಹತ್ತಿಗೆ ಬಂತು. ಹಾಗಾದರೆ ಆಯಿಲ್ ಪೇಂಟ್ ಅಲ್ಲ, ಗೋಡೆಗೆ ಬಳಿಯುವ ಲೇಟೆಕ್ಸ್. ಎರಡನೇ ಮಹಾಯುದ್ಧದ ನಂತರ ಬಂದ ಮಾಲು. ನೂರು ವರ್ಷ ಚೆನ್ನಾಗಿ ಬಾಳಿದ ಪೆಟ್ಟಿಗೆಗೆ ಯಾರೋ ಮಹಾನುಭಾವರು ಮಲಗುವ ಕೋಣೆಯ ಗೋಡೆಯಲ್ಲಿ ಮಿಕ್ಕಿದ್ದನ್ನು ಬಳಿದು ಕೈ ತೊಳೆದುಕೊಂಡಿದ್ದಾರೆ.

ಆಲ್ಕೋಹಾಲಿಗೆ ಲೇಟೆಕ್ಸ್ ಕರಗುತ್ತದಲ್ಲ, ಅದರಿಂದಲೇ ಒರೆಸಿ ತೆಗೆಯಬಹುದಲ್ವಾ ಅಂತ ಕೇಳುತ್ತೀರಿ. ತೊಂದರೆ ಏನೆಂದರೆ ಅರಗೂ ಆಲ್ಕೋಹಾಲಿಗೇ ಕರಗುವುದು, ಅದೂ ಲೇಟೆಕ್ಸ್‌ಗಿಂತ ಬೇಗ. ಮೇಲಿನದು ಮೆತ್ತಗಾಗುವಷ್ಟರಲ್ಲಿ ಅಡಿಯದು ಕಂದು ಪಾಕವಾಗಿ ಬಿಳಿಯ ಜೊತೆ ಕಲಸಿಕೊಂಡು ನೀಲಿಯ ಸಂದುಗಳಿಗೆ ಇಳಿಯುತ್ತದೆ. ಅಂಗಡಿಯಲ್ಲಿ ಸಿಗುವ, ಪೇಂಟ್ ತೆಗೆಯುವ ರಾಸಾಯನಿಕಕ್ಕೆ (ಸ್ಟ್ರಿಪ್ಪರ್) ಯಾವುದು ಹಳೆಯದು ಯಾವುದು ಹೊಸದು ಅನ್ನುವ ವಿವೇಕವೇ ಇಲ್ಲ, ಮರದವರೆಗೂ ತಿನ್ನುತ್ತದೆ. ಬಿಸಿಗಾಳಿಯಲ್ಲಿ ಪೇಂಟ್ ಮೆತ್ತಗೆ ಮಾಡುವ ಹೀಟ್ ಗನ್ ಮಾತೇ ಬೇಡ. ಪ್ರಷ್ಯನ್ ನೀಲಿ ಅನ್ನುವ ಬಣ್ಣವನ್ನು ತಿಳಿಯಾಗಿಸಲು ಆ ಕಾಲದಲ್ಲಿ ಸೀಸದ ಬಿಳಿ ಬೆರೆಸುತ್ತಿದ್ದರು, ಸೀಸ ವಿಷ, ಅದನ್ನು ಕಾಯಿಸಿ ಉಸಿರಾಡುವಷ್ಟು ಹುಚ್ಚು ನನಗಿಲ್ಲ.

ಉಳಿದದ್ದು ಒಣ ಕೆರೆತ. ಆದರೆ ಜುಲೈಯಲ್ಲಿ ಗ್ಯಾರೇಜಿನ ಸೆಕೆಗೆ ಲೇಟೆಕ್ಸ್ ಹಲಸಿನ ಮೇಣದ ಹಾಗೆ ಬ್ಲೇಡಿಗೆ ಸುತ್ತಿಕೊಳ್ಳುತ್ತಿತ್ತು. ಒಂದು ಇಂಚು ಕೆರೆಯುವುದು, ಬ್ಲೇಡ್ ಒರೆಸುವುದು, ಇನ್ನೊಂದು ಇಂಚು. ಕೈ ಸ್ವಲ್ಪ ಜಾಸ್ತಿ ಒತ್ತಿದರೆ ನೀಲಿಯೂ ಹೋಗುವ ಭಯ.

ಇದರ ಮಧ್ಯೆ ಬ್ಲೇಡಿನ ಕಥೆ. ಈ ಕೆಲಸಕ್ಕೆ ಬೇಕಾದದ್ದು ಹೊಟ್ಟೆ ಬಾಗಿದ 10ನೇ ನಂಬರಿನ ಸ್ಕಾಲ್ಪೆಲ್ ಬ್ಲೇಡ್. ಆರ್ಡರ್ ಮಾಡಿದ್ದೂ ಅದನ್ನೇ. ಬಂದದ್ದು 11, ಸೂಜಿ ಮೊನೆಯದು. ಅದರಲ್ಲಿ ಕೆರೆದರೆ ಪೇಂಟ್ ಏಳುವುದಿಲ್ಲ, ಮರದ ಮೇಲೆ ಗೀಟು ಬೀಳುತ್ತದೆ. ಫೋನ್ ಮಾಡಿದರೆ ‘ಎರಡೂ ಚೂಪಾಗಿಯೇ ಇರುತ್ತವೆ ಸರ್’ ಅನ್ನುವ ಉತ್ತರ. ವಾಪಸ್ ಕಳಿಸುವ ಅಂಚೆ ಖರ್ಚು ನನ್ನದೇ ಅಂತೆ. ಟಿಲ್‌ಗೆ ಬೇಕಿದ್ದ ನಾಲ್ಕು ಮೊಳೆಗಳ ವಿಷಯದಲ್ಲಿ ಮಾತ್ರ ನೆಮ್ಮದಿ: ಮ್ಯಾಸಚೂಸೆಟ್ಸ್‌ನ ಟ್ರೆಮಾಂಟ್ ಕಂಪನಿ 1819ರಲ್ಲಿ ಶುರುವಾದದ್ದು, ಅದರ ಕಟ್ ನೇಲ್ ಸಿಕ್ಕವು.

ಜನವರಿಯಲ್ಲಿ ಏನಾಯಿತೆಂದರೆ, ಹೀಟರ್ ಇಲ್ಲದ ಗ್ಯಾರೇಜು ಸೊನ್ನೆಗಿಂತ ಕೆಳಗೆ ಇಳಿದಿತ್ತು. ಬೇರೇನೋ ಹುಡುಕಲು ಹೋದವನು ಸುಮ್ನೆ ಪೆಟ್ಟಿಗೆಯ ಬಲಗಾಲಿನ ಹತ್ತಿರ ಬ್ಲೇಡ್ ಆನಿಸಿದೆ. ಟಿಕ್ ಅಂತ ಸದ್ದು. ಉಗುರಿನಷ್ಟು ಬಿಳಿ ಚಕ್ಕೆ ಹಾರಿ ನೆಲಕ್ಕೆ ಬಿತ್ತು. ಎತ್ತಿ ತಿರುಗಿಸಿದರೆ ಅದರ ಹಿಂಬದಿ ಕನ್ನಡಿಯಂತೆ ನುಣುಪು, ಅಲ್ಲಲ್ಲಿ ಹಳೆಯ ಮೇಣ ಮತ್ತು ಕೊಳೆಯ ಛಾಯೆ. ಅದು ಬಿಟ್ಟುಹೋದ ಜಾಗದಲ್ಲಿ ಅರಗು ಹಾಗೇ ಇದೆ, ಅದರಡಿ ನೀಲಿಯಲ್ಲಿ ಕುಂಚದ ಕೂದಲೆಳೆಗಳು ಎಣಿಸುವಷ್ಟು ಸ್ಪಷ್ಟ. ಲೇಟೆಕ್ಸ್ ಪ್ಲಾಸ್ಟಿಕ್ ತಾನೇ, ಚಳಿಗೆ ಬಿರುಸಾಗಿ ಬಾಗುವ ಗುಣ ಕಳೆದುಕೊಳ್ಳುತ್ತದೆ. ಮೇಣ ಹತ್ತಿದ ಅರಗಿನ ಮೇಲೆ ಅದರ ಹಿಡಿತವೂ ಮೊದಲಿಂದ ಅಷ್ಟಕ್ಕಷ್ಟೇ. ಎರಡೂ ಸೇರಿದ ಮೇಲೆ ಬ್ಲೇಡನ್ನು ಮಲಗಿಸಿ ಅಂಚಿಗೆ ತಳ್ಳಿದರೆ ಸಾಕು, ಕೆರೆಯುವ ಮಾತೇ ಇಲ್ಲ.

ಮಾಡಿ ನೋಡುವವರಿಗೆ ಎರಡು ಎಚ್ಚರಿಕೆ. ಸೀಸದ ಧೂಳಿನ ಭಯ ಇದೆ, ಸೂಕ್ಷ್ಮ ಧೂಳನ್ನೂ ತಡೆಯುವ ಪಿ100 ಮಾಸ್ಕ್ ಮತ್ತು ಹೆಪಾ ಫಿಲ್ಟರಿನ ವ್ಯಾಕ್ಯೂಮ್ ಇಲ್ಲದೆ ಮುಟ್ಟಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಕೆಲಸ ಮುಗಿಯಿತು ಅಂತ ಪೆಟ್ಟಿಗೆಯನ್ನು ನೇರ ಬೆಚ್ಚಗಿನ ಮನೆಯೊಳಗೆ ಹೊತ್ತು ತರಲೂಬೇಡಿ. ತಣ್ಣಗಿನ ಅರಗಿನ ಮೇಲೆ ಹನಿ ಕಟ್ಟಿದರೆ ಬೆಳ್ಳಗೆ ಮಂಜು ಕೂರುತ್ತದೆ. ಪ್ಲಾಸ್ಟಿಕ್ ಹಾಳೆ ಸುತ್ತಿ ನಿಧಾನಕ್ಕೆ ಹೊಂದಿಕೊಳ್ಳಲು ಬಿಡಿ.

ಈಗಿನ ಜಗಳ ಅರಗಿನ ಬಗ್ಗೆ. ಬಣ್ಣ ಹಸಿರಾಗಿ ಕಾಣುವುದು ಅರಗು ಹಳದಿಯಾಗಿರುವುದರಿಂದ. ಅದನ್ನೂ ತೆಗೆದರೆ ಅಡಿಯಲ್ಲಿ ಕಣ್ಣು ಕುಕ್ಕುವ ನೀಲಿ ಸಿಗುತ್ತದೆ ಅಂತ ಒಬ್ಬ ಗೆಳೆಯರ ವಾದ. ನಾನು ಮುಟ್ಟುವುದಿಲ್ಲ. ಅದೂ ಪೆಟ್ಟಿಗೆಯ ವಯಸ್ಸೇ. ಪಕ್ಕದ ಡೆಲವೇರ್‌ನಲ್ಲಿ ಹಳೆಯ ಅಮೆರಿಕನ್ ಪೀಠೋಪಕರಣಗಳಿರುವ ವಿಂಟರ್ಥರ್ ಮ್ಯೂಸಿಯಂಗೆ ಹೋದಾಗಲೂ ನನ್ನ ಕಣ್ಣು ನೆಟ್ಟದ್ದು ಸವೆದ, ಮಾಸಿದ ಮೈಗಳ ಮೇಲೆಯೇ.

ಅಂದಹಾಗೆ ಮುಂದಿನ ಯೋಜನೆ ಕೈಗೆ ಬಂದಾಗಿದೆ, ಮನೆಯಲ್ಲಿ ಇನ್ನೂ ಹೇಳಿಲ್ಲ. ಒಂದು ಪೈ ಸೇಫ್, ಅಂದರೆ ತಿಂಡಿ ಇಡುವ ಹಳೆಯ ಅಲಮಾರು! ತಗಡಿಗೆ ತೂತು ಹೊಡೆದು ಚಿತ್ತಾರ ಮಾಡಿದ ಬಾಗಿಲು, ಗಾಳಿ ಆಡಬೇಕು, ನೊಣ ಒಳಗೆ ಹೋಗಬಾರದು. ಒಂದು ತಗಡಿನ ಮೂಲೆ ತುಕ್ಕು ತಿಂದು ಉದುರಿದೆ. ಹೊಸ ತಗಡಿಗೆ ಕೈಯಲ್ಲೇ ತೂತು ಹೊಡೆಯುವುದಾ, ಇದ್ದದ್ದಕ್ಕೇ ಹಿಂದಿನಿಂದ ತೇಪೆ ಹಾಕುವುದಾ? ನನ್ನ ಒಲವು ತೇಪೆಗೆ. ಅನುಭವ ಇದ್ದವರು ಹೇಳಿ.

ಅದಕ್ಕೆ ಮೊದಲು ಈ ಮುಚ್ಚಳ ಇದೆ. ಜನ ಅದರ ಮೇಲೆ ಕೂತು ಎದ್ದು ಮುಚ್ಚಳದ ನಡುಭಾಗದಲ್ಲಿ ಅರಗು ಪೂರ್ತಿ ಸವೆದಿದೆ, ಲೇಟೆಕ್ಸ್ ನೇರ ಮರದ ನಾರಿಗೇ ಕಚ್ಚಿಕೊಂಡಿದೆ. ಚಳಿಗೂ ಅದು ಜಗ್ಗಲಿಲ್ಲ. ಅಲ್ಲಿ ಅರಗೇ ಇಲ್ಲದ ಮೇಲೆ ಆಲ್ಕೋಹಾಲಿಗೆ ಹೆದರಬೇಕಿಲ್ಲ, ಹತ್ತಿಕಡ್ಡಿ ಹಿಡಿದು ಅಂಗುಲ ಅಂಗುಲ ತೆಗೆಯುತ್ತೇನೆ, ಅಂಚಿನಲ್ಲಿ ಅರಗು ಶುರುವಾಗುವ ಕಡೆ ಬ್ಲೇಡಿಗೆ ಬದಲಾಯಿಸುತ್ತೇನೆ. ಚಳಿ ಇನ್ನು ಜಾಸ್ತಿ ದಿನ ಇರುವುದಿಲ್ಲ, ಹಾಗಾಗಿ ಅಂಚಿನ ಕೆಲಸ ಮೊದಲು. ಮತ್ತೆ, 11ನೇ ನಂಬರಿನ ಬ್ಲೇಡ್ ಯಾರಿಗಾದರೂ ಬೇಕಿದ್ದರೆ ಹೇಳಿ, ಒಂದು ಡಬ್ಬಿ ತುಂಬ ಬಿದ್ದಿವೆ.