ಎಡಗಾಲಿಗೆ ಕೆಲಸ ಇಲ್ಲದ ಗಾಡಿ

ಮೈಸೂರಿನಲ್ಲಿ ಹಳೇ ಕಾರು ಕೊಂಡು ಮಾರುವ ಅಂಗಡಿಯಲ್ಲಿ ನನ್ನ ಕೆಲಸ. ಬಂದ ಗಾಡಿ ಓಡಿಸಿ ನೋಡಿ ಬೆಲೆ ಕಟ್ಟಬೇಕು. ಮ್ಯಾನ್ಯುವಲ್ ಆದರೆ ಕ್ಲಚ್ ಹೇಗಿದೆ ಅಂತ ಎಡಗಾಲೇ ಹೇಳಿಬಿಡುತ್ತದೆ. ಪೆಡಲ್ ಪೂರ್ತಿ ಮೇಲೆ ಬಂದ ಮೇಲೆ ಗಾಡಿ ಹೊರಟರೆ ಕ್ಲಚ್ ಪ್ಲೇಟ್, ಅಂದರೆ ಇಂಜಿನ್ನನ್ನು ಗೇರ್‌ಬಾಕ್ಸಿಗೆ ಹಿಡಿಸುವ ತಟ್ಟೆ, ಸವೆದಿದೆ ಅಂತಲೇ ಲೆಕ್ಕ. ಈ ಕಾಲನ್ನು ನಂಬಿಯೇ ನಾನು ಒಂದು ಸಲ ಕೆಟ್ಟೆ.

ಮಂಡ್ಯದಿಂದ ರಿಟೈರ್ ಆದ ಮೇಷ್ಟ್ರೊಬ್ಬರು ಮಗನ ಜೊತೆ ಬಂದಿದ್ದರು. ಮಂಡಿ ನೋವು, ಆಟೋಮ್ಯಾಟಿಕ್ಕೇ ಬೇಕು. ಮಗನದು ಒಂದೇ ಹಟ: "ಮ್ಯಾನ್ಯುವಲ್ ತಗೊಳ್ಳಿ ಅಪ್ಪಾಜಿ, ರಿಪೇರಿ ಕಡಿಮೆ."

ನಾನು ಅಂಗಡಿಯಲ್ಲಿದ್ದ ಒಂದು ಆಟೋಮ್ಯಾಟಿಕ್ ತೋರಿಸಿ ನಡುವೆ ಬಾಯಿ ಹಾಕಿದೆ. "ಇದ್ರಲ್ಲಿ ಕ್ಲಚ್ಚೇ ಇಲ್ಲ ಸಾರ್, ತಲೆನೋವೇ ಇಲ್ಲ."

ಅದು ಎಎಂಟಿ ಗಾಡಿ, ಅಂದರೆ ತಾನೇ ಗೇರ್ ಬದಲಿಸಿಕೊಳ್ಳುವ ಮ್ಯಾನ್ಯುವಲ್. 2014ರಲ್ಲಿ ಮಾರುತಿಯ ಸೆಲೆರಿಯೊ ಕಾರು ಬಂದ ಮೇಲೆ ನಮ್ಮ ಚಿಕ್ಕ ಕಾರುಗಳಲ್ಲಿ ಜಾಸ್ತಿ ಕಾಣುವ ಆಟೋಮ್ಯಾಟಿಕ್ ಇದೇ. ಒಳಗಿರುವುದು ಮ್ಯಾನ್ಯುವಲ್ ಗೇರ್‌ಬಾಕ್ಸೇ. ಕ್ಲಚ್ ಪ್ಲೇಟೂ ಇದೆ. ನಮ್ಮ ಕಾಲಿನ ಬದಲು ಒಂದು ಯಂತ್ರ ಅದನ್ನು ಒತ್ತಿ ಬಿಡುತ್ತದೆ, ಅಷ್ಟೇ. ಇಲ್ಲದಿರುವುದು ಪೆಡಲ್ ಮಾತ್ರ. ಇದೆಲ್ಲ ನನಗೆ ಗೊತ್ತಿತ್ತು. ವ್ಯಾಪಾರದ ಬಾಯಿ, ಸುಮ್ನೆ ಜಾರಿತು.

ಗಾಡಿ ಕೊಂಡ ಮೂರು ವಾರಕ್ಕೆ ಮೇಷ್ಟ್ರ ಫೋನ್. ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಗಾಡಿ ನಿಂತಿದೆ, ಸುಟ್ಟ ವಾಸನೆ. ಹೋಗಿ ನೋಡಿದರೆ ಬೆಂಕಿಗೆ ಬಿದ್ದ ರಬ್ಬರಿನಂಥ ನಾತ. ಭಾನುವಾರ, ಮುಂದೆ ಸಾಲುಗಟ್ಟಿ ಗಾಡಿಗಳು. ಹಿಂದಕ್ಕೆ ಜಾರದಿರಲಿ ಅಂತ ಅವರು ಬ್ರೇಕ್ ಒತ್ತುವ ಬದಲು ಸ್ವಲ್ಪ ಸ್ವಲ್ಪ ರೇಸ್ ಕೊಟ್ಟುಕೊಂಡೇ ನಿಂತಿದ್ದರಂತೆ. ಹಾಗೆ ನಿಂತರೆ ಎಎಂಟಿಯ ಕ್ಲಚ್ ಅರ್ಧ ಹಿಡಿದು ಅರ್ಧ ಬಿಟ್ಟು ಉಜ್ಜಿಕೊಳ್ಳುತ್ತಲೇ ಇರುತ್ತದೆ. ಆದರೆ ತಪ್ಪು ಅವರದಲ್ಲ. ಬಿಚ್ಚಿ ನೋಡಿದಾಗ ಪ್ಲೇಟ್ ಮೂರೇ ವಾರದಲ್ಲಿ ಸವೆದಂತೆ ಇರಲಿಲ್ಲ, ಮೊದಲೇ ಸವೆದಿತ್ತು. ಪೆಡಲ್ಲೇ ಇಲ್ಲದ ಗಾಡಿಯಲ್ಲಿ ಎಡಗಾಲಿಗೆ ಅದು ತಿಳಿಯಲಿಲ್ಲ; ಕೊಳ್ಳುವಾಗ ನಾನು ರಿಂಗ್ ರೋಡಿನ ಸಮತಟ್ಟಿನಲ್ಲಿ ಓಡಿಸಿ "ಬೆಣ್ಣೆ ಹಂಗಿದೆ" ಅಂದುಬಿಟ್ಟಿದ್ದೆ.

ಪ್ಲೇಟ್ ಹಾಕಿದರೂ ಮುಗಿಯಲಿಲ್ಲ. ಸ್ಕ್ಯಾನರ್ ಹಾಕಿ ಹೊಸ ಕ್ಲಚ್ ಎಲ್ಲಿ ಹಿಡಿಯುತ್ತದೆ ಅಂತ ಗಾಡಿಯ ಕಂಪ್ಯೂಟರಿಗೆ ಕಲಿಸಬೇಕು. ಖರ್ಚಿನಲ್ಲಿ ಅರ್ಧವನ್ನು ಅಂಗಡಿ ಕೊಟ್ಟಿತು. ಓನರ್ ಬೈಗುಳ ಪೂರ್ತಿ ನನಗೆ.

ಈಗ ಎಎಂಟಿ ಬಂದರೆ ಬೆಟ್ಟದ ಏರಿಗೇ ಒಯ್ಯುತ್ತೇನೆ. ನಡುವೆ ನಿಲ್ಲಿಸಿ ಹೊರಡಿಸಬೇಕು. ಹೊರಡುವಾಗ ನಡುಗಿದರೆ, ಅಥವಾ ಇಂಜಿನ್ ಕೂಗಿದಷ್ಟು ಗಾಡಿ ಮುಂದೆ ಹೋಗದಿದ್ದರೆ ಬೆಲೆ ಮಾತಾಡುವ ಮೊದಲೇ ಕ್ಲಚ್ ಖರ್ಚು ಕಳೆಯುತ್ತೇನೆ.

ಕೊಳ್ಳುವವರನ್ನೂ ಮೊದಲು ಕೇಳುತ್ತೇನೆ: ಮನೆ ಮುಂದೆ ಏರು ಇದೆಯಾ, ಓಡಿಸುವವರು ಯಾರು? ದಿನಾ ಮೈಸೂರು–ಮಂಡ್ಯ ಹೈವೇಯಲ್ಲೇ ಓಡುವವರಿಗೆ ಮ್ಯಾನ್ಯುವಲ್ ಸಾಕು, ಗೇರ್ ಬದಲಿಸುವ ಕೆಲಸವೇ ಕಡಿಮೆ ಅಲ್ವಾ. ಊರೊಳಗಿನ ಸಿಗ್ನಲ್, ಜೊತೆಗೆ ಮಂಡಿ ನೋವು ಅಂದರೆ ಎಎಂಟಿ ಒಳ್ಳೆಯದೇ. ಗೇರ್ ಬದಲಾಗುವಾಗ ತಲೆ ಸ್ವಲ್ಪ ಮುಂದಕ್ಕೆ ವಾಲುವುದು ಅಭ್ಯಾಸವಾಗುತ್ತದೆ.

ಮೇಷ್ಟ್ರು ಈಗಲೂ ಅದೇ ಗಾಡಿ ಓಡಿಸುತ್ತಾರೆ. ಏರಿನಲ್ಲಿ ನಿಂತರೆ ಹ್ಯಾಂಡ್‌ಬ್ರೇಕ್ ಎಳೆಯುತ್ತಾರೆ. ಸರ್ವೀಸಿಗೆ ಬಂದಾಗೆಲ್ಲ ಒಂದೇ ಮಾತು: "ಏನಪ್ಪಾ, ಕ್ಲಚ್ಚೇ ಇಲ್ದಿರೋ ಗಾಡಿ ಬೇರೆ ಯಾವ್ದಾದ್ರೂ ಬಂದಿದ್ಯಾ?"