ಬೆಲ್ಲ ಎಣ್ಣೇಲಿ ಕರಗ್ತದಾ?

ಕಬ್ಬು ಅರೆಯದ ಆಫ್ ಸೀಸನ್ನಿನ ಕೊನೆಯ ವಾರ. ಬಾಯ್ಲರ್ ಹಚ್ಚೋಕೆ ಆರೇ ದಿನ ಬಾಕಿ. ಮಿಲ್ ಹೌಸ್ ಕೆಳಗೆ ಕಬ್ಬಿನ ಹಾಲು ಸಾಗಿಸುವ ಜ್ಯೂಸ್ ಪಂಪಿಗೆ ವಾಟರ್ ಟ್ರಯಲ್ ಕೊಟ್ಟಾಗ ಕವರ್ ಗ್ಯಾಸ್ಕೆಟ್ ಲೀಕ್ ಬಂತು. ಕವರ್ ಬಿಚ್ಚಬೇಕು, ಗ್ಯಾಸ್ಕೆಟ್ ಹಾಕಬೇಕು, ಮುಚ್ಚಬೇಕು. ಎಂಟು ಸ್ಟಡ್ (ಕೇಸಿಂಗಿಗೆ ತಿರುಗಿಸಿ ಕೂರಿಸಿದ, ತಲೆ ಇಲ್ಲದ ಬೋಲ್ಟ್), ಎಂಟು ನಟ್, ಎಲ್ಲಾ ಎಂ-16, ಅಂದರೆ 16 ಎಂಎಂ ದಪ್ಪದ್ದು. ಊಟದ ಹೊತ್ತಿಗೆ ಮುಗಿಸ್ತೀನಿ ಅಂತ ಫೋರ್‌ಮನ್‌ಗೆ ಹೇಳಿದೆ. ಮುಗಿದದ್ದು ಮೂರನೇ ದಿನ. ಮಧ್ಯೆ ಒಬ್ಬ ಹುಡುಗನ ಕೈ ಸುಟ್ಟುಹೋಗುವುದು ಸ್ವಲ್ಪದರಲ್ಲಿ ತಪ್ಪಿತು. ಅದಕ್ಕೆ ಕಾರಣ ನಾನು.

ಮಂಡ್ಯ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನಾನು ಫಿಟ್ಟರ್. ತುಕ್ಕು ಹಿಡಿದ ಬೋಲ್ಟ್ ನಮಗೆ ದಿನದ ಊಟ ಇದ್ದ ಹಾಗೆ. ಹಾಗಾಗಿ ಆ ಬೆಳಿಗ್ಗೆ ನಾನು ಹೆಚ್ಚೇನೂ ಯೋಚಿಸಲಿಲ್ಲ. ಸ್ಟೋರಿಂದ ಡಬ್ಲ್ಯೂಡಿ-40 ಸ್ಪ್ರೇ ಡಬ್ಬಿ ತಂದೆ. ಎಂಟಕ್ಕೂ ಹೊಡೆದು, ಟೀ ಕುಡಿದು ಬಂದು, 24ರ ರಿಂಗ್ ಸ್ಪ್ಯಾನರ್ ಹಾಕಿದೆ. ಒಂದೂ ಅಲ್ಲಾಡಲಿಲ್ಲ. ಇನ್ನೊಂದು ಸಲ ಹೊಡೆದೆ. ಅರ್ಧ ಗಂಟೆ ಬಿಟ್ಟು ಸ್ಪ್ಯಾನರಿಗೆ ಮೂರಡಿ ಪೈಪ್ ಸಿಕ್ಕಿಸಿದೆ.

ನಟ್ ಬಿಡುವಾಗ ಟಕ್ ಅಂತ ಸದ್ದು ಬರುತ್ತದೆ. ಅದನ್ನು ಕೇಳಿದರೆ ಫಿಟ್ಟರ್‌ಗೆ ಜೀವ ಬಂದ ಹಾಗೆ. ಸ್ಟಡ್ ಮುರಿಯುವ ಮುಂಚೆ ಆ ಸದ್ದು ಇರುವುದಿಲ್ಲ. ಕೈಗೆ ಒಂದು ಥರ ಮೆತ್ತಗೆ ತಾಗುತ್ತದೆ, ಹಸಿ ಕಬ್ಬು ಹಿಂಡಿದ ಹಾಗೆ. ಆಗಲೇ ಕೈ ಬಿಡಬೇಕು. ನನಗೆ ಅದು ಗೊತ್ತು. ಗೊತ್ತಿದ್ದೂ ಇನ್ನೊಂದು ಕಾಲು ಸುತ್ತು ಎಳೆದೆ. ಒಂದು ಸ್ಟಡ್ ನಟ್ ಹತ್ತಿರವೇ ಮುರಿಯಿತು. ಪಕ್ಕದ್ದಕ್ಕೆ ಹೋದೆ, ಅದು ಕೇಸಿಂಗ್ ಮಟ್ಟಕ್ಕೇ ತುಂಡಾಯಿತು. ಕೇಸಿಂಗ್ ಕಾಸ್ಟ್ ಐರನ್ನು. ಅದರೊಳಗೆ ಉಳಿದ ತುಂಡನ್ನು ತೆಗೆಯೋದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು.

ಆಗ ನಾನು ತಗೊಂಡ ತೀರ್ಮಾನ ಇದು: ಎಣ್ಣೆ ಸರಿಯಿಲ್ಲ, ಇನ್ನೂ ಒಳ್ಳೇ ಎಣ್ಣೆ ಬೇಕು.

ತುಕ್ಕಿನ ಸಂದಿಗೆ ಇಳಿಯುವ ಪೆನೆಟ್ರೇಟಿಂಗ್ ಆಯಿಲ್ ಬೇಕು ಅಂತ ನಾನು ಹಿಂದಿನ ಎರಡು ವರ್ಷ ಇಂಡೆಂಟ್ (ಬೇಡಿಕೆ ಚೀಟಿ) ಹಾಕಿದ್ದೆ. ‘ಸ್ಪ್ರೇ ಇದೆಯಲ್ಲ’ ಅಂತ ಎರಡು ಸಲವೂ ವಾಪಸ್ ಬಂತು. ಖರೀದಿಯವರಿಗೆ ಡಬ್ಬಿಯಲ್ಲಿ ಬರೋದೆಲ್ಲ ಒಂದೇ. ಅದಕ್ಕೆ ಎಟಿಎಫ್ (ಆಟೋಮ್ಯಾಟಿಕ್ ಗೇರಿನ ವಾಹನಗಳಿಗೆ ಹಾಕುವ ಎಣ್ಣೆ) ಮತ್ತು ಅಸಿಟೋನ್ ದ್ರಾವಕ ಸಮ ಸಮ ಬೆರೆಸಿದೆ. ಇದು ತುಂಬಾ ಕಡೆ ಗ್ಯಾರೇಜ್‌ಗಳಲ್ಲಿ ಮಾಡೋ ಮಿಶ್ರಣ. ಅಸಿಟೋನ್ ನೀರಿಗಿಂತ ತೆಳು, ಸಂದಿಗೆ ಓಡುತ್ತದೆ, ಎಟಿಎಫನ್ನು ಜೊತೆಗೆ ಎಳೆದುಕೊಂಡು ಹೋಗುತ್ತದೆ. ಎರಡೂ ಸರಿಯಾಗಿ ಬೆರೆಯೋದಿಲ್ಲ, ಪ್ರತಿ ಸಲ ಬಾಟಲಿ ಅಲ್ಲಾಡಿಸಬೇಕು. ಒಣ ತುಕ್ಕಿಗೆ ಇದು ನಿಜಕ್ಕೂ ಚೆನ್ನಾಗಿ ಕೆಲಸ ಮಾಡುತ್ತದೆ, ನಾನೇ ನೋಡಿದ್ದೇನೆ. ಆದರೆ ಅಸಿಟೋನಿನ ಫ್ಲಾಶ್ ಪಾಯಿಂಟ್, ಅಂದರೆ ಆವಿ ಹೊತ್ತಿಕೊಳ್ಳುವಷ್ಟು ಏಳುವ ಉಷ್ಣತೆ, ಸೊನ್ನೆಗಿಂತ ಸುಮಾರು 20 ಡಿಗ್ರಿ ಕೆಳಗೆ. ಹಾಗಾಗಿ ನಮ್ಮೂರಿನ ಯಾವ ಹವೆಯಲ್ಲೂ ಅದರ ಆವಿಗೆ ಒಂದು ಕಿಡಿ ಸಾಕು.

ಮಧ್ಯಾಹ್ನ ಮೂರಕ್ಕೆ ಮಿಶ್ರಣ ಹಾಕಿದೆ. ಐದಕ್ಕೆ ಫೋರ್‌ಮನ್ ಬಂದರು. ‘ಇನ್ನೂ ಕೂತಿದ್ದೀರಾ? ಗ್ಯಾಸ್ ಹಿಡೀರಿ.’ ನಟ್ ಕಾಯಿಸಿದರೆ ಅದು ಹಿಗ್ಗುತ್ತದೆ, ತುಕ್ಕಿನ ಹಿಡಿತ ಬಿಡುತ್ತದೆ. ಮಾತು ತಪ್ಪಲ್ಲ. ಬೆಂಕಿ ಬಳಸುವ ಕೆಲಸಕ್ಕೆ ಬೇಕಾದ ಹಾಟ್ ವರ್ಕ್ ಪರ್ಮಿಟ್ ಬೆಳಿಗ್ಗೆಯೇ ಮಾಡಿಸಿಟ್ಟಿದ್ದೆವು. ಅದರಲ್ಲಿ ‘ಹತ್ತಿರ ಉರಿಯುವ ವಸ್ತು ಇಲ್ಲ’ ಅಂತ ಗುರುತು ಹಾಕಿ ಸಹಿ ಮಾಡಿದವನೂ ನಾನೇ. ಬೆಳಿಗ್ಗೆ ಅದು ನಿಜವಾಗಿತ್ತು. ಮೂರು ಗಂಟೆಗೆ ಸುಳ್ಳಾಯಿತು. ನಾನು ಅದನ್ನು ತಿದ್ದಲಿಲ್ಲ. ಎರಡು ಗಂಟೆ ಆಗಿದೆ, ಅಸಿಟೋನ್ ಆರಿ ಹೋಗಿರುತ್ತದೆ ಅಂದುಕೊಂಡು, ಮೇಲೆ ಒಂದು ಬಟ್ಟೆಯಲ್ಲಿ ಒರೆಸಿ ಗ್ಯಾಸ್ ಟಾರ್ಚ್ ಹಚ್ಚಿದೆ.

ಮೇಲೆ ಆರಿತ್ತು. ಆದರೆ ಸುರಿದದ್ದು ಪಂಪಿನ ಕಾಲ ಕೆಳಗೆ, ಬೇಸ್ ಫ್ರೇಮಿನ ಚಾನೆಲ್ ಒಳಗೆ ನಿಂತಿತ್ತು. ಅಲ್ಲೇ ಕಾಟನ್ ವೇಸ್ಟ್ ಕೂಡ ಬಿದ್ದಿತ್ತು. ನಟ್ ಕೆಂಪಗಾಗುತ್ತಾ ಬಂತು. ಅಪ್ರೆಂಟಿಸ್ ಹುಡುಗ ಸ್ಪ್ಯಾನರ್ ಹಿಡಿದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ‘ಈಗ ಹಾಕಪ್ಪ’ ಅಂದೆ. ಅವನು ಕೈ ಮುಂದೆ ಚಾಚಿದ. ಭಗ್ ಅಂತು. ಕೆಳಗಿನಿಂದ ಉರಿ ಎದ್ದು ಅವನ ತೋಳಿನ ಉದ್ದಕ್ಕೂ ನೆಕ್ಕಿಕೊಂಡು ಹೋಯಿತು. ಹುಡುಗ ಹಿಂದಕ್ಕೆ ಬಿದ್ದ. ಮುಚ್ಚಳ ತೆಗೆದಿದ್ದ ಅರ್ಧ ಲೀಟರ್ ಬಾಟಲಿ ಎರಡಡಿ ದೂರದಲ್ಲಿತ್ತು. ನನ್ನ ಕೈಯಲ್ಲಿ ಟಾರ್ಚ್ ಇನ್ನೂ ಉರೀತಾ ಇತ್ತು. ನಾನು ಮೊದಲು ಅದನ್ನು ಆರಿಸಬೇಕಿತ್ತು. ಆರಿಸಲಿಲ್ಲ. ಸುಮ್ನೆ ಆ ಬಾಟಲಿಯನ್ನೇ ನೋಡುತ್ತಾ ನಿಂತೆ.

ನಮ್ಮ ಕಾಂಟ್ರಾಕ್ಟ್ ಹೆಲ್ಪರ್, ಐವತ್ತೈದು ದಾಟಿದ ಗೌಡರು, ಬಾಟಲಿ ಎತ್ತಿ ಹೊರಗೆ ಇಟ್ಟು ಬಂದರು. ಒದ್ದೆ ಗೋಣಿಚೀಲ ತಂದು ಚಾನೆಲ್ ಮೇಲೆ ಹಾಕಿದರು. ಅದರ ಮೇಲೆ ಎರಡು ಬಕೆಟ್ ಮರಳು. ಎಲ್ಲಾ ಸೇರಿ ಒಂದು ನಿಮಿಷ ಆಗಿರಬಹುದು. ಹುಡುಗನ ಕೈ ಮೇಲಿನ ಕೂದಲು ಸುಟ್ಟಿತ್ತು, ಚರ್ಮ ಕೆಂಪಾಗಿತ್ತು, ಗುಳ್ಳೆ ಏಳಲಿಲ್ಲ. ಫಸ್ಟ್ ಏಡ್ ರೂಮಿನಲ್ಲಿ ಅವನ ಕೈಗೆ ತಣ್ಣೀರು ಬಿಡುತ್ತಾ ಇಪ್ಪತ್ತು ನಿಮಿಷ ಕೂತಿದ್ದೆ. ‘ಪರವಾಗಿಲ್ಲ ಸಾರ್, ಮನೇಲಿ ಹೇಳಲ್ಲ’ ಅಂದ. ಹೇಳು ಅಂದೆ. ಸೇಫ್ಟಿ ಬುಕ್ಕಿನಲ್ಲಿ ನಡೆದದ್ದನ್ನೆಲ್ಲ ನಾನೇ ಬರೆದೆ, ಪರ್ಮಿಟ್ ವಿಷಯವನ್ನೂ ಸೇರಿಸಿ.

ಸಂಜೆ ಪಂಪ್ ಹತ್ತಿರ ವಾಪಸ್ ಬಂದಾಗ ಗೌಡರು ಒಂದು ನಟ್ಟಿನ ಸಂದಿಯನ್ನು ಉಗುರಿನಿಂದ ಕೆರೆಯುತ್ತಿದ್ದರು. ಕಪ್ಪಗೆ ಅಂಟು. ಮೂಸಿ ನೋಡಿ ನನ್ನ ಕಡೆ ಚಾಚಿದರು.

‘ಇದು ಬರೀ ತುಕ್ಕಲ್ಲ ಸಾ. ಹಾಲು ಇಳಿದು ಬೆಲ್ಲ ಕಟ್ಕಂಡದೆ. ಬೆಲ್ಲ ಎಣ್ಣೇಲಿ ಕರಗ್ತದಾ?’

ಅವರ ಮನೆಯವರದ್ದು ಮೊದಲು ಬೆಲ್ಲ ಮಾಡುವ ಆಲೆಮನೆ ಇತ್ತು. ಕೊಪ್ಪರಿಗೆ, ಗಾಣ ಎಲ್ಲ ತೊಳೆದು ಬೆಳೆದವರು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕಬ್ಬಿನ ಹಾಲು ಸ್ವಲ್ಪ ಹುಳಿ, ಪಿಎಚ್ 5ರಿಂದ 5.5ರ ಹತ್ತಿರ. ಗ್ಯಾಸ್ಕೆಟ್ ಸಂದಿಯಿಂದ ಸೀಸನ್ ಪೂರ್ತಿ ಹನಿದು ಸ್ಟಡ್ಡನ್ನು ತುಕ್ಕು ಹಿಡಿಸಿದೆ. ತುಕ್ಕು ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ತಿನ್ನುತ್ತದೆ. ಉಳಿದ ಸಂದಿಯಲ್ಲಿ ಸಕ್ಕರೆ ಒಣಗಿ ಬಿರಡೆ ಹಾಕಿದ ಹಾಗೆ ಕೂತಿದೆ. ಸಕ್ಕರೆ ಎಣ್ಣೆಯಲ್ಲಿ ಕರಗೋದಿಲ್ಲ, ಡೀಸೆಲ್‌ನಲ್ಲಿ ಕರಗೋದಿಲ್ಲ, ಅಸಿಟೋನ್‌ನಲ್ಲೂ ಕರಗೋದಿಲ್ಲ. ನಾನು ಬೆಳಿಗ್ಗೆಯಿಂದ ಎಣ್ಣೆ ಬದಲಾಯಿಸುತ್ತಾ ಮುಚ್ಚಿದ ಬಾಗಿಲಿಗೆ ಸುರಿಯುತ್ತಿದ್ದೆ. ಮೇಲಿಂದ ಬೆಂಕಿ ಬೇರೆ ಹಿಡಿದಿದ್ದೆ. ಕಾದರೆ ಸಕ್ಕರೆ ಸುಟ್ಟು ಇದ್ದಿಲಾಗುತ್ತದೆ. ಆಮೇಲೆ ಅದು ನೀರಿಗೂ ಬಗ್ಗೋದಿಲ್ಲ.

ಕ್ಯಾಂಟೀನಿನಿಂದ ಕೊಡಗಳಲ್ಲಿ ಬಿಸಿನೀರು ತಂದೆವು. ಉಳಿದ ಐದು ನಟ್ಟಿಗೆ ಬಟ್ಟೆ ಸುತ್ತಿ ಒಂದೂವರೆ ಗಂಟೆ ಬಿಡದೆ ಹೊಯ್ದೆವು. ಮೊದಲು ತಿಳಿ ನೀರೇ ಇಳಿಯಿತು. ಆಮೇಲೆ ಕಂದು ಬಣ್ಣ ಬಿಟ್ಟಿತು, ಕಾಕಂಬಿ ವಾಸನೆ ಬಂತು. ವೈರ್ ಬ್ರಷ್ ಹಾಕಿ, ಮತ್ತೆ ಹೊಯ್ದು, ಏರ್ ಹಿಡಿದು ನೀರು ಊದಿಸಿದೆವು. ಆಮೇಲೆ ಡಬ್ಲ್ಯೂಡಿ-40. ಈ ಜಾಗಕ್ಕೆ ಅದೇ ಸರಿ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಅದನ್ನು ಮಾಡಿದ್ದೇ ಲೋಹದ ಮೇಲಿನ ನೀರನ್ನು ಓಡಿಸೋಕೆ. ಹೆಸರಲ್ಲಿರುವ ಡಬ್ಲ್ಯೂಡಿ ಅಂದರೆ ವಾಟರ್ ಡಿಸ್‌ಪ್ಲೇಸ್‌ಮೆಂಟ್, 40 ಅಂದರೆ ನಲವತ್ತನೇ ಪ್ರಯತ್ನ. ಬೆಳಿಗ್ಗೆ ಅದರಿಂದ ನಾನು ಅದರದ್ದಲ್ಲದ ಕೆಲಸ ಕೇಳಿದ್ದೆ. ಕೊನೆಗೆ ಎಟಿಎಫ್ ಮತ್ತು ಡೀಸೆಲ್ ಬೆರೆಸಿ ಹಚ್ಚಿ, ನಟ್ಟಿನ ಪ್ರತಿ ಮುಖಕ್ಕೂ ಸುತ್ತಿಗೆಯಲ್ಲಿ ಸಣ್ಣಗೆ ತಟ್ಟಿ, ರಾತ್ರಿಯಿಡೀ ಬಿಟ್ಟೆವು. ಅಸಿಟೋನ್ ಮುಟ್ಟಲಿಲ್ಲ.

ಬೆಳಿಗ್ಗೆ ಮೊದಲು ಬಿಗಿ ಕಡೆಗೆ ಕೂದಲೆಳೆಯಷ್ಟು ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ. ಟಕ್. ಸ್ವಲ್ಪ ಬಿಚ್ಚಿ, ಎಣ್ಣೆ ಬಿಟ್ಟು, ವಾಪಸ್ ಬಿಗಿದು, ಮತ್ತೆ ಬಿಚ್ಚಿ. ಐದಕ್ಕೆ ಐದೂ ಪೈಪ್ ಇಲ್ಲದೆ ಬಂದವು. ನಾನು ಬೆಂಕಿ ಹಿಡಿದಿದ್ದ ನಟ್ ಮಾತ್ರ ಬರಲಿಲ್ಲ, ಸೀಳಿ ತೆಗೆದೆವು. ಒಳಗೆ ಥ್ರೆಡ್ ತುಂಬಾ ಇದ್ದಿಲು. ಮುರಿದ ಎರಡರಲ್ಲಿ ಒಂದಕ್ಕೆ ಹೊರಗೆ ತುಂಡು ಉಳಿದಿತ್ತು, ನಟ್ ವೆಲ್ಡ್ ಮಾಡಿ ತಿರುಗಿಸಿದೆವು. ಇನ್ನೊಂದಕ್ಕೆ ಸೆಂಟರ್ ಪಂಚ್ ಹೊಡೆದು, ಸಣ್ಣ ಡ್ರಿಲ್‌ನಿಂದ ಶುರು ಮಾಡಿ 14 ಎಂಎಂವರೆಗೆ ಕೊರೆದು ಟ್ಯಾಪ್ ಹಾಕಿ ಥ್ರೆಡ್ ಮಾಡೋದಕ್ಕೆ ಮೂರನೇ ದಿನ ಮಧ್ಯಾಹ್ನ ಆಯಿತು.

ಮುಚ್ಚುವಾಗ ಸ್ಟಡ್‌ಗಳಿಗೆ ಆಂಟಿ-ಸೀಜ್ (ಥ್ರೆಡ್ ಕಚ್ಚಿಕೊಳ್ಳದ ಹಾಗೆ ತಡೆಯುವ ಪೇಸ್ಟ್) ಹಚ್ಚಿದೆವು, ತಾಮ್ರದ್ದಲ್ಲ, ಆಹಾರಕ್ಕೆ ತಾಗಬಹುದಾದ ಜಾಗಕ್ಕೆ ಅಂತ ಇರುವ ಎಚ್-1 ಫುಡ್ ಗ್ರೇಡ್. ಹಾಲು ತಾಗುವ ಜಾಗ ಅಲ್ವಾ. ಅದು ಹಚ್ಚಿದ ಮೇಲೆ ಟಾರ್ಕ್, ಅಂದರೆ ಬಿಗಿಯುವ ತಿರುಚು ಬಲ, ಸ್ವಲ್ಪ ಇಳಿಸಬೇಕು. ಒಣ ಥ್ರೆಡ್ಡಿನ ಲೆಕ್ಕದಲ್ಲೇ ಬಿಗಿದರೆ ಸ್ಟಡ್ ಜಾಸ್ತಿ ಎಳೆದುಕೊಳ್ಳುತ್ತದೆ.

ಈಗ ಸೀಸನ್ ನಿಂತ ದಿನವೇ, ಹಾಲು ಒಣಗುವ ಮುಂಚೆ, ಪಂಪ್‌ಗಳ ನಟ್‌ಗಳಿಗೆಲ್ಲ ಬಿಸಿನೀರು ಹೊಯ್ದು ಒಣಗಿಸಿ ಗ್ರೀಸ್ ಹಚ್ಚಬೇಕು ಅಂತ ಬರೆದುಕೊಟ್ಟಿದ್ದೇನೆ. ಎರಡು ದಿನ, ನಾಲ್ಕು ಜನ ಬೇಕು. ಸೀಸನ್ ಮುಗಿದ ಮಾರನೇ ದಿನವೇ ಕಾಂಟ್ರಾಕ್ಟ್ ಹೆಲ್ಪರ್‌ಗಳನ್ನು ಕಳಿಸಿಬಿಡುವ ಪದ್ಧತಿ ನಮ್ಮಲ್ಲಿ. ಈ ವರ್ಷ ಗೌಡರನ್ನಾದರೂ ಇನ್ನೆರಡು ದಿನ ಉಳಿಸಿಕೊಳ್ಳಿ ಅಂತ ಮೂರು ಸಲ ಕೇಳಿದ್ದೇನೆ. ನಾಳೆ ಮತ್ತೆ ಹೋಗಿ ಕೇಳುತ್ತೇನೆ.